ಹಣ ಬರುವುದು ಹೆಸರಿಗೆ, ತೋಟಕ್ಕಲ್ಲ

ಕೃಷಿಕರಿಗೆ ಸರಕಾರ ನೀಡುವ ಸಹಾಯಧನದ ವಿಚಾರವಾಗಿ ನಮ್ಮ ಜಿಲ್ಲೆಯ ಕನ್ನಡಿಗರಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತಿವೆ. “ಅವರು ಕೊಡುವುದೇನು ಮಹಾ, ಅದಕ್ಕಾಗಿ ನಾಲ್ಕು ಕಚೇರಿ ಸುತ್ತುವವರು ಯಾರು?” ಎಂಬುದು ಒಂದು. “ಎಲ್ಲರಿಗೂ ಬರುತ್ತದೆ, ನಮಗೆ ಮಾತ್ರ ಬರುವುದಿಲ್ಲ” ಎಂಬುದು ಇನ್ನೊಂದು. ಈ ಎರಡೂ ಮಾತುಗಳನ್ನು ಒಂದೇ ಬಾಯಿಯಿಂದ, ಒಂದೇ ಕಟ್ಟೆಯ ಮೇಲೆ, ಒಂದೇ ಗಳಿಗೆಯಲ್ಲಿ ಕೇಳುವುದೂ ಉಂಟು. ಮೊದಲನೆಯದಕ್ಕೆ ಉತ್ತರ ಸುಲಭ. ಎರಡನೆಯದನ್ನು ಕುರಿತು ಸ್ವಲ್ಪ ವಿವರವಾಗಿಯೇ ಬರೆಯಬೇಕಾಗಿದೆ.

ಕೇಂದ್ರ ಸರಕಾರದ ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿ 2019ರ ಫೆಬ್ರವರಿಯಲ್ಲಿ ಆರಂಭವಾಯಿತು. ಭೂಮಿಯುಳ್ಳ ಕೃಷಿಕ ಕುಟುಂಬಕ್ಕೆ ವರ್ಷಕ್ಕೆ 6000 ರೂಪಾಯಿ. ಅದೂ ನಾಲ್ಕು ತಿಂಗಳಿಗೊಮ್ಮೆ 2000ದಂತೆ ಮೂರು ಕಂತುಗಳಲ್ಲಿ, ನೇರವಾಗಿ ಬ್ಯಾಂಕಿನ ಖಾತೆಗೆ. ಮೊದಲಿಗೆ ಎರಡು ಹೆಕ್ಟೇರಿನೊಳಗಿನವರಿಗೆ ಮಾತ್ರವಿದ್ದುದನ್ನು ಅದೇ ವರ್ಷ ಎಲ್ಲ ಭೂಹಿಡುವಳಿದಾರರಿಗೂ ವಿಸ್ತರಿಸಲಾಯಿತು. 2025ರ ಆಗಸ್ಟ್‌ನಲ್ಲಿ ಬಿಡುಗಡೆಯಾದ 20ನೇ ಕಂತು ದೇಶದ ಸುಮಾರು 9.7 ಕೋಟಿ ಕೃಷಿಕರಿಗೆ ಸಂದಿತೆಂದು ಸರಕಾರ ಹೇಳಿದೆ. 6000 ರೂಪಾಯಿಯನ್ನು ದಿನಕ್ಕೆ ಭಾಗಿಸಿದರೆ ಹದಿನಾರೂವರೆ ರೂಪಾಯಿಯೂ ಆಗುವುದಿಲ್ಲ. ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಮದ್ದು ಬಿಡಿಸುವವನಿಗೆ ಈ ಲೆಕ್ಕ ಹೇಳಿದರೆ ಆತ ನಕ್ಕಾನು. ಮೈಲುತುತ್ತು, ಸುಣ್ಣ, ಮರವೇರುವವರ ಕೂಲಿ ಇವೆಲ್ಲ ಏರಿವೆ. 2019ರಲ್ಲಿ ನಿಗದಿಯಾದ ಆರು ಸಾವಿರ ಮಾತ್ರ ಆರು ಸಾವಿರವಾಗಿಯೇ ನಿಂತಿದೆ. ಅದನ್ನು ಹನ್ನೆರಡು ಸಾವಿರಕ್ಕೆ ಏರಿಸಬೇಕೆಂದು ಸಂಸತ್ತಿನ ಸ್ಥಾಯೀ ಸಮಿತಿಯೇ 2024ರ ಡಿಸೆಂಬರಿನಲ್ಲಿ ಶಿಫಾರಸು ಮಾಡಿತ್ತು.

ಆದರೂ “ಏನು ಮಹಾ” ಎನ್ನುವವರ ಮಾತನ್ನು ನಾವು ಒಪ್ಪಲಾರೆವು. ಹತ್ತು ಎಕರೆ ತೋಟದ ಧನಿಗಳಿಗೆ ಅದು ಲೆಕ್ಕಕ್ಕಿಲ್ಲದಿರಬಹುದು. ಕೇರಳದಲ್ಲಿ ಒಂದು ಹಿಡುವಳಿಯ ಸರಾಸರಿ ವಿಸ್ತೀರ್ಣ 2015-16ರ ಕೃಷಿ ಗಣತಿಯಂತೆ 0.18 ಹೆಕ್ಟೇರು, ಅಂದರೆ ಅರ್ಧ ಎಕರೆಗೂ ಕಡಿಮೆ. ಇಡೀ ಭಾರತದ ಸರಾಸರಿಯಾದರೋ ಒಂದು ಹೆಕ್ಟೇರಿಗೆ ಮೇಲ್ಪಟ್ಟಿದೆ. ಮನೆಯ ಸುತ್ತ ಹತ್ತು ತೆಂಗು, ಐವತ್ತು ಅಡಿಕೆ, ಮೂಲೆಯಲ್ಲಿ ಎರಡು ಗೇರುಮರ, ಇಷ್ಟೇ ಬಂಡವಾಳವಾಗಿ ಬದುಕುವ ಕುಟುಂಬಕ್ಕೆ ಶಾಲೆ ತೆರೆಯುವ ತಿಂಗಳಿನಲ್ಲಿ ಬರುವ ಎರಡು ಸಾವಿರ ರೂಪಾಯಿ ಚಿಕ್ಕದಲ್ಲ. ಏಳು ವರ್ಷಗಳಿಂದ ಅದು ಬಾರದೇ ಹೋಗಿದ್ದರೆ ಕಳೆದುಕೊಂಡದ್ದು ನಲವತ್ತು ಸಾವಿರವನ್ನು ದಾಟಿತು.

ಇಲ್ಲಿ ಒಂದು ವ್ಯತ್ಯಾಸವನ್ನು ಓದುಗರು ಗಮನಿಸಬೇಕು. ಸಹಾಯಧನಗಳಲ್ಲಿ ವಸ್ತುವಿನ ಬೆಲೆಯನ್ನು ಇಳಿಸುವಂಥವು ಕೆಲವು, ಮನುಷ್ಯನ ಹೆಸರಿಗೆ ಬರುವಂಥವು ಕೆಲವು. ರಸಗೊಬ್ಬರದ ಸಹಾಯಧನ ಮೊದಲ ಬಗೆಯದು. ಅದನ್ನು ಸರಕಾರ ಸಲ್ಲಿಸುವುದು ಗೊಬ್ಬರದ ಕಂಪೆನಿಗಳಿಗೆ. ಯೂರಿಯದ ಚೀಲವನ್ನು ಹೊತ್ತು ತಂದವನಿಗೆ ತನಗೆ ಸಹಾಯಧನ ಸಂದಿದೆಯೆಂಬ ಅರಿವೂ ಇರುವುದಿಲ್ಲ. ಅಂಗಡಿಯ ಯಂತ್ರಕ್ಕೆ ಬೆರಳೊತ್ತಿದರೆ ಮುಗಿಯಿತು. ಭೂಮಿ ಯಾರದು, ತೀರ್ವೆ ಕಟ್ಟಿದವರು ಯಾರು ಎಂಬ ಪ್ರಶ್ನೆ ಅಲ್ಲಿಲ್ಲ. ಹೆಚ್ಚು ಚೀಲ ಕೊಂಡವನಿಗೆ ಹೆಚ್ಚು ಪ್ರಯೋಜನವೆಂಬ ದೋಷ ಅದರಲ್ಲಿ ಇದ್ದೇ ಇದೆ. ಕಿಸಾನ್ ನಿಧಿಯಾಗಲಿ, ಬೆಳೆನಾಶದ ಪರಿಹಾರವಾಗಲಿ, ಗದ್ದೆಯನ್ನು ಗದ್ದೆಯಾಗಿಯೇ ಉಳಿಸಿಕೊಂಡವರಿಗೆ ಕೇರಳ ಸರಕಾರ 2020ರಿಂದ ಕೊಡತೊಡಗಿದ ರಾಯಲ್ಟಿಯಾಗಲಿ ಎರಡನೆಯ ಬಗೆಯವು. ಇಲ್ಲಿ ಮೊದಲು ಹೆಸರು ಬೇಕು. ಆ ಹೆಸರು ತೀರ್ವೆಯ ರಶೀದಿಯಲ್ಲಿಯೂ ಆಧಾರ್ ಕಾರ್ಡಿನಲ್ಲಿಯೂ ಬ್ಯಾಂಕಿನ ಪುಸ್ತಕದಲ್ಲಿಯೂ ಒಂದೇ ಆಗಿರಬೇಕು. ಒಂದಕ್ಷರ ಹೆಚ್ಚುಕಡಿಮೆಯಾದರೆ ಹಣ ದಾರಿಯಲ್ಲೇ ನಿಲ್ಲುತ್ತದೆ. ತೋಟದಲ್ಲಿ ಎಷ್ಟು ಮರವಿದೆ, ಯಾರು ಬುಡ ಬಿಡಿಸಿದರು, ಯಾರು ನೀರು ಹಾಯಿಸಿದರು ಎಂದು ಯಂತ್ರ ನೋಡುವುದಿಲ್ಲ.

ಕನ್ನಡ ಕುಟುಂಬಗಳ ತೊಡಕು ಮೊದಲಾಗುವುದು ಇಲ್ಲಿಂದಲೇ.

ಕಾಸರಗೋಡು 1956ರ ಅಕ್ಟೋಬರ್ ತನಕ ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ಮಂಗಳೂರಿನ ಕಡೆಗೆ ಮುಖಮಾಡಿದ ಆಡಳಿತ, ಕನ್ನಡದಲ್ಲಿ ಬರೆದ ದಸ್ತಾವೇಜು, ವರ್ಗ, ಮೂಲಗೇಣಿ, ಚಾಲಗೇಣಿ, ಕುಮ್ಕಿ ಎಂಬ ದಕ್ಷಿಣ ಕನ್ನಡದ್ದೇ ಆದ ಭೂವ್ಯವಸ್ಥೆ. ಆ ವರ್ಷ ನವೆಂಬರ್ 1ರಂದು ರಾಜ್ಯ ಬದಲಾಯಿತು. ಅಜ್ಜನ ಪೆಟ್ಟಿಗೆಯೊಳಗಿನ ಕಾಗದ ಬದಲಾಗಲಿಲ್ಲ. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿಪದ್ಧತಿ ರದ್ದಾಗಿ ಉಳುವವನಿಗೆ ಭೂಮಿಯ ಹಕ್ಕು ಬಂತು. ಲ್ಯಾಂಡ್ ಟ್ರಿಬ್ಯೂನಲಿನಿಂದ ಪಟ್ಟಯ ಬಂತು. ಅದು ಮಲಯಾಳದಲ್ಲಿ ಬಂತು. ಹೀಗೆ ಒಂದೇ ಮನೆಯಲ್ಲಿ ಕನ್ನಡದ ಪಾಲುಪಟ್ಟಿ, ಮಲಯಾಳದ ಪಟ್ಟಯ, ಇಂಗ್ಲಿಷಿನ ಆಧಾರ್ ಕಾರ್ಡು, ಮೂರು ಲಿಪಿಗಳಲ್ಲಿ ಒಬ್ಬನೇ ಮನುಷ್ಯ. ನಾರಾಯಣನೆಂಬವರು ಮಲಯಾಳದ ಬರವಣಿಗೆಯಲ್ಲಿ ‘ನಾರಾಯಣನ್’ ಆಗುತ್ತಾರೆ. ಇದರಲ್ಲಿ ಯಾರ ದುರುದ್ದೇಶವನ್ನೂ ನಾವು ಹುಡುಕುವುದಿಲ್ಲ, ಬರೆಯುವವರ ಕೈಯ ರೂಢಿ ಅದು. ಸೀತಾರಾಮರ ‘ತ’ಕಾರಕ್ಕೆ ಇಂಗ್ಲಿಷಿನ ‘ಟಿ’ ಒಂದೇ ಸಾಕೇ, ಜತೆಗೆ ‘ಎಚ್’ ಕೂಡ ಬೇಕೇ ಎಂಬುದನ್ನು ಬ್ಯಾಂಕಿನವರು ಒಂದು ರೀತಿ, ಆಧಾರ್ ನೋಂದಣಿ ಮಾಡಿದ ಹುಡುಗ ಇನ್ನೊಂದು ರೀತಿ ನಿರ್ಣಯಿಸಿರುತ್ತಾನೆ. ಹೆಸರಿನ ಹಿಂದಿನ ಮನೆತನದ ಅಕ್ಷರ, ಮುಂದಿನ ಭಟ್ಟ, ಶೆಟ್ಟಿ, ರೈ, ನಾಯ್ಕಗಳು ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲ. ಊರಿನವರ ಕಣ್ಣಿಗೆ ಅದೇ ಮನುಷ್ಯ. ಯಂತ್ರದ ಪಾಲಿಗೆ ಮೂವರು.

ಹೆಸರಿನ ಅಕ್ಷರವಾದರೂ ಅರ್ಜಿ ಕೊಟ್ಟು ತಿದ್ದಿಸಬಹುದಾದದ್ದು. ಸತ್ತವರ ಹೆಸರಿನಲ್ಲಿಯೇ ಉಳಿದ ಭೂಮಿಯ ಕತೆ ಅದಕ್ಕಿಂತ ಗಂಭೀರ. ನಮ್ಮ ಕಡೆ ಪಾಲಾಗದ ಆಸ್ತಿಗಳು ಎಷ್ಟಿವೆಯೆಂದು ಓದುಗರಿಗೆ ನಾವು ಹೇಳಬೇಕಾಗಿಲ್ಲ. ಅಳಿಯಸಂತಾನದ ಕುಟುಂಬಗಳಲ್ಲಂತೂ ತಂಡಪೇರಿನಲ್ಲಿ ಮೂರು ತಲೆಮಾರಿನ ಹಿಂದಿನ ಯಜಮಾನರ ಹೆಸರು ಇನ್ನೂ ಇರುವುದು ಅಪರೂಪವಲ್ಲ. ತೀರ್ವೆಯನ್ನು ಮಾತ್ರ ವರ್ಷವರ್ಷವೂ ಯಾರಾದರೊಬ್ಬರು ತಪ್ಪದೆ ಕಟ್ಟಿಕೊಂಡು ಬಂದಿರುತ್ತಾರೆ, ರಶೀದಿ ಬರುವುದು ತೀರಿಹೋದ ಅಜ್ಜನ ಹೆಸರಿಗೆ! ಪೋಕುವರವು ಮಾಡಿಸಿಕೊಳ್ಳದೆ ಮೊಮ್ಮಕ್ಕಳು ಕೃಷಿಕರೆಂದು ಎನಿಸಿಕೊಳ್ಳುವಂತಿಲ್ಲ.

ಇನ್ನೊಂದು ತೊಡಕನ್ನು ಯೋಜನೆಯೇ ತಂದಿಟ್ಟಿದೆ. ಭೂಮಿ ಯಾರ ಹೆಸರಿನಲ್ಲಿದೆಯೆಂದು ನೋಡಲು 2019ರ ಫೆಬ್ರವರಿ 1ನ್ನು ಆಧಾರದ ದಿನವಾಗಿ ಮಾರ್ಗಸೂಚಿಯಲ್ಲಿ ನಿಗದಿಪಡಿಸಲಾಯಿತು. ಅನಂತರ ಕ್ರಯದಿಂದಲೋ ದಾನಪತ್ರದಿಂದಲೋ ಭೂಮಿ ಪಡೆದವರಿಗೆ ಮುಂದಿನ ಐದು ವರ್ಷ ಅರ್ಹತೆಯಿಲ್ಲ, ಮರಣದಿಂದ ಬಂದ ಉತ್ತರಾಧಿಕಾರಕ್ಕೆ ಮಾತ್ರ ವಿನಾಯಿತಿ ಎಂದಾಯಿತು. ತಂದೆ ಬದುಕಿರುವಾಗಲೇ ಮಕ್ಕಳ ಹೆಸರಿಗೆ ಬರೆದುಕೊಟ್ಟು, ಮುಂದೆ ಜಗಳವಿಲ್ಲದಂತೆ ಮಾಡುವುದು ನಮ್ಮಲ್ಲಿ ವಿವೇಕವೆಂದು ಎನಿಸಿಕೊಂಡಿದೆ. ಆ ವಿವೇಕವನ್ನು 2019ರ ಬೇಸಗೆಯಲ್ಲಿ ತೋರಿಸಿದ ತಂದೆ ತನ್ನ ಕಂತನ್ನೂ ಕಳೆದುಕೊಂಡ, ಮಗನಿಗೂ ಸಿಗಲಿಲ್ಲ. ಜಗಳಾಡುತ್ತ ಆಸ್ತಿ ಪಾಲು ಮಾಡದೆ ಉಳಿದವರೇ ಈ ಒಂದು ವಿಷಯದಲ್ಲಿ ಮೇಲು ಎನ್ನಬೇಕೇನೋ!

ಕುಮ್ಕಿಯ ವಿಷಯವನ್ನೂ ಇಲ್ಲಿಯೇ ಹೇಳಬೇಕು. ವರ್ಗದ ಜಾಗಕ್ಕೆ ತಾಗಿದ ಸರಕಾರೀ ಜಾಗದಲ್ಲಿ ಸೊಪ್ಪು, ಸೌದೆಗೆ ವರ್ಗದಾರನಿಗಿದ್ದ ಸೌಕರ್ಯವೇ ಕುಮ್ಕಿ. ಅದು ಒಡೆತನವಲ್ಲ. ಆದರೆ ತಲೆಮಾರುಗಳಿಂದ ಅಲ್ಲಿ ಗೇರು, ಅಡಿಕೆ ನೆಟ್ಟು ಬೆಳೆಸಿದವರಿದ್ದಾರೆ. ತೀರ್ವೆಯ ರಶೀದಿಯಿಲ್ಲದ ಆ ಮರಗಳಿಗೆ ಗಾಳಿ ಬಡಿದರೆ ದಾಖಲೆಯ ಪ್ರಕಾರ ಯಾರ ಮರವೂ ಬಿದ್ದಿಲ್ಲ. ಬಾಯಿಮಾತಿನಲ್ಲಿ ಬೇರೆಯವರ ಬೈಲುಗದ್ದೆ ಹಿಡಿದು ಬೇಸಾಯ ಮಾಡುವವನ ಪಾಡೂ ಇದೇ. ಕಾನೂನಿನ ಕಣ್ಣಿನಲ್ಲಿ ಗೇಣಿಯೇ ಇಲ್ಲದ ರಾಜ್ಯದಲ್ಲಿ ಗೇಣಿದಾರನೆಂದು ಬರೆದುಕೊಡುವವರು ಯಾರು? ಕಿಸಾನ್ ನಿಧಿ ಭೂಮಿಯ ಒಡೆಯನಿಗೆ, ಉತ್ತವನಿಗಲ್ಲ. ಗದ್ದೆಯ ರಾಯಲ್ಟಿಯೂ ಒಡೆಯನಿಗೇ. ಅದೂ ಎಷ್ಟೆಂದರೆ ಹೆಕ್ಟೇರಿಗೆ ವರ್ಷಕ್ಕೆ 2000 ಇದ್ದುದು ಅನಂತರ 3000ವಾಯಿತು. ಕಾಲು ಎಕರೆ ಗದ್ದೆಯವನು ಅರ್ಜಿ ಹಾಕಿದರೆ ಮುನ್ನೂರು ರೂಪಾಯಿ. ಅಕ್ಷಯ ಕೇಂದ್ರಕ್ಕೆ ಎರಡು ಬಾರಿ ಹೋಗಿಬಂದ ಖರ್ಚು, ಒಂದು ದಿನದ ಕೂಲಿಯ ನಷ್ಟ ಕಳೆದರೆ ಏನುಳಿಯಿತೆಂದು ಲೆಕ್ಕ ಹಾಕಬಹುದು.

ಪಡೆಯಬಾರದವರು ಪಡೆದದ್ದೂ ಇದೆ. ಆದಾಯ ತೆರಿಗೆ ಕಟ್ಟುವವರು, ತಿಂಗಳಿಗೆ ಹತ್ತು ಸಾವಿರ ಅಥವಾ ಅದಕ್ಕಿಂತ ಹೆಚ್ಚು ಪಿಂಚಣಿ ಬರುವವರು, ಕೆಳದರ್ಜೆಯವರನ್ನು ಬಿಟ್ಟು ಉಳಿದ ಸರಕಾರೀ ನೌಕರರು, ವೃತ್ತಿನಿರತ ವೈದ್ಯರು, ವಕೀಲರು ಇವರಿಗೆಲ್ಲ ಈ ನಿಧಿಯಲ್ಲಿ ಪಾಲಿಲ್ಲ. ನಮ್ಮಲ್ಲಿ ತೋಟವೂ ಇದ್ದು ಮೇಷ್ಟ್ರ ಕೆಲಸವೂ ಇದ್ದ ಮನೆಗಳು ಕಡಿಮೆಯಲ್ಲ. ನಿವೃತ್ತ ಅಧ್ಯಾಪಕರು ತೀರ್ವೆ ರಶೀದಿ ತೋರಿಸಿ ಹೆಸರು ಬರೆಸಿಕೊಂಡರು, ಕೆಲವು ಕಂತು ಬಂತು, ಅನಂತರ ಹಿಂದಿರುಗಿಸಬೇಕೆಂಬ ನೋಟೀಸು ಬಂತು ಎಂಬಂಥ ಪ್ರಸಂಗಗಳು ಕೇರಳದಾದ್ಯಂತ ನಡೆದಿವೆ. ಅನರ್ಹರಿಂದ ವಸೂಲಿ ಮಾಡುವುದನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಯಾರು ಅರ್ಹರಲ್ಲ ಎಂಬುದನ್ನು ಅರ್ಜಿ ತೆಗೆದುಕೊಳ್ಳುವ ದಿನವೇ ಜನರ ಭಾಷೆಯಲ್ಲಿ ಫಲಕದ ಮೇಲೆ ಬರೆದಿಟ್ಟರೆ ನೋಟೀಸಿನ ಕಾಗದ ಉಳಿಯುತ್ತಿತ್ತು. ಗಡಿಯಾಚೆಯೂ ಭೂಮಿಯಿರುವ ಮನೆಗಳವರೂ ಒಂದು ಮಾತು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಗಂಡ, ಹೆಂಡತಿ, ಪ್ರಾಯಕ್ಕೆ ಬಾರದ ಮಕ್ಕಳು ಸೇರಿ ಒಂದು ಕುಟುಂಬ. ಪುತ್ತೂರಿನಲ್ಲೊಂದು, ಕುಂಬಳೆಯಲ್ಲೊಂದು ತೋಟವಿದ್ದರೂ ಕಂತು ಒಂದೇ.

ಇನ್ನು ಭಾಷೆಯ ಪ್ರಶ್ನೆ. ಕೇರಳದ ಅಧಿಕೃತ ಭಾಷಾ ಕಾಯಿದೆ 1969ರದು. ಮಲಯಾಳವನ್ನು ಆಡಳಿತ ಭಾಷೆಯೆಂದು ಸಾರಿದ ಆ ಕಾಯಿದೆಯೇ ರಾಜ್ಯದ ತಮಿಳು, ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆಯೂ ತಮ್ಮ ಪ್ರದೇಶದ ಕಚೇರಿಗಳೊಡನೆಯೂ ತಮ್ಮ ಭಾಷೆಯಲ್ಲಿ ವ್ಯವಹರಿಸುವ, ಅದೇ ಭಾಷೆಯಲ್ಲಿ ಉತ್ತರ ಪಡೆಯುವ ರಕ್ಷಣೆಯನ್ನು ಕೊಟ್ಟಿತು. ಇದು ಯಾರೋ ದಯೆಯಿಂದ ಕೊಟ್ಟ ಸೌಲಭ್ಯವಲ್ಲ. ಸಂವಿಧಾನದ 350ನೇ ವಿಧಿಯೂ ಕುಂದುಕೊರತೆಯ ನಿವಾರಣೆಗಾಗಿ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವುದೇ ಅಧಿಕಾರಿಗೆ ಮನವಿ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಟ್ಟಿದೆ. ಕಾಸರಗೋಡಿನಲ್ಲಿ ಕನ್ನಡ, ಮಲಯಾಳ ಎರಡನ್ನೂ ಬಲ್ಲವರಿಗೆಂದೇ ಪ್ರತ್ಯೇಕವಾಗಿ ಹುದ್ದೆಗಳನ್ನು ಕರೆಯುವ ಪದ್ಧತಿ ಇರುವುದೂ ಇದಕ್ಕಾಗಿಯೇ.

ಹೀಗಿದ್ದೂ ಪಂಚಾಯತಿಗೊಂದರಂತೆ 1987ರಿಂದ ಇರುವ ಕೃಷಿಭವನಗಳಲ್ಲಿ ಕನ್ನಡದ ಅರ್ಜಿ ಫಾರಮು ಕೇಳಿದರೆ ಸಿಗುವ ಉತ್ತರವೇನೆಂಬುದನ್ನು ಓದುಗರೇ ಬಲ್ಲರು. ಒಂದು ವಿಚಿತ್ರವನ್ನು ನೋಡಿ. ಕಿಸಾನ್ ನಿಧಿಯ ಬಗ್ಗೆ ಕೃಷಿಕರ ಸಂಶಯಗಳಿಗೆ ಉತ್ತರಿಸಲೆಂದು ಕೇಂದ್ರ ಸರಕಾರ 2023ರಲ್ಲಿ ‘ಕಿಸಾನ್ ಇ-ಮಿತ್ರ’ ಎಂಬ ಯಾಂತ್ರಿಕ ವ್ಯವಸ್ಥೆಯನ್ನು ಆರಂಭಿಸಿತು. ಅದು ಉತ್ತರಿಸುವ ಹನ್ನೊಂದು ಭಾಷೆಗಳಲ್ಲಿ ಕನ್ನಡವೂ ಇದೆ. ದೆಹಲಿಯ ಯಂತ್ರಕ್ಕೆ ಬರುವ ಕನ್ನಡ ನಮ್ಮೂರ ಕಚೇರಿಯ ಮೇಜಿನ ಮೇಲೆ ಬರಬಾರದೇ? ಅಲ್ಲಿ ಕುಳಿತಿರುವ ಉದ್ಯೋಗಸ್ಥರಲ್ಲಿ ಬಹುಮಂದಿ ಸಜ್ಜನರು. ತೆಂಕಣ ಜಿಲ್ಲೆಗಳಿಂದ ವರ್ಗವಾಗಿ ಬಂದು, ಭಾಷೆ ತಿಳಿಯದೆ, ಮುದುಕರೊಬ್ಬರು ಮಡಿಸಿ ತಂದ ಕನ್ನಡದ ಪಾಲುಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, “ಇದನ್ನು ಮಲಯಾಳಕ್ಕೆ ಮಾಡಿಸಿ ತನ್ನಿ” ಎನ್ನುವುದು ಅವರ ಪಾಲಿಗೆ ಸುಲಭದ ದಾರಿ. ಆ ಒಂದು ಮಾತಿಗೆ ಆ ಮುದುಕರು ಎರಡು ಸಾವಿರದ ಆಸೆಯನ್ನೇ ಬಿಟ್ಟು ಬಸ್ಸು ಹತ್ತುತ್ತಾರೆ. ಆ ಅನುವಾದದ ಕೆಲಸ ಕಚೇರಿಯದೇ ಹೊರತು ಕೃಷಿಕನದಲ್ಲ.

ಆದರೆ ಹಕ್ಕನ್ನು ನಾವೂ ಉಪಯೋಗಿಸಬೇಕಲ್ಲವೇ? ರಾಜ್ಯೋತ್ಸವದ ವೇದಿಕೆಯಲ್ಲಿ ಮಹಾಜನ ವರದಿಯನ್ನು ನೆನೆದು ಗಂಟಲು ಹರಿಯುವಂತೆ ಮಾತಾಡಿದವರೇ ಮರುದಿನ ಕೃಷಿಭವನದಲ್ಲಿ ಅರ್ಥವಾಗದ ಫಾರಮಿಗೆ ಸುಮ್ಮನೆ ಸಹಿ ಹಾಕಿ ಬರುವುದನ್ನು ಕಾಣುತ್ತೇವೆ. ಕನ್ನಡದಲ್ಲಿ ಅರ್ಜಿ ಕೊಟ್ಟರೆ ಕೆಲಸ ತಡವಾದೀತೆಂಬ ಭಯ ಸಹಜ. ಆದರೆ ಒಂದೂ ಕನ್ನಡ ಅರ್ಜಿ ಬಾರದ ಕಚೇರಿಗೆ ಕನ್ನಡ ಬಲ್ಲ ಗುಮಾಸ್ತರು ಏಕೆ ಬೇಕೆಂದು ಮೇಲಿನವರು ಕೇಳಿದರೆ ನಾವು ಯಾವ ಕಾಗದವನ್ನು ತೋರಿಸೋಣ?

ಹಿಂದೆ ಅಡಿಕೆಯ ಧಾರಣೆ ಬಿದ್ದು ಬೆಳೆಗಾರ ಕಂಗೆಟ್ಟಾಗ ವಾರಣಾಸಿ ಸುಬ್ರಾಯ ಭಟ್ಟರಂಥವರು ಮುಂದಾಗಿ 1973ರಲ್ಲಿ ಕ್ಯಾಂಪ್ಕೊ ಕಟ್ಟಿದರು. ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರು ಅದರಲ್ಲಿ ಸೇರಿಕೊಂಡರು. ಅಷ್ಟು ದೊಡ್ಡ ಕೆಲಸವನ್ನು ಮಾಡಿದ ಜನಕ್ಕೆ ಊರಿನ ಗ್ರಂಥಾಲಯದಲ್ಲಿ ತಿಂಗಳಿಗೊಂದು ಭಾನುವಾರ ಕುಳಿತು ನೆರೆಕರೆಯವರ ತೀರ್ವೆ ರಶೀದಿ, ಆಧಾರ್, ಬ್ಯಾಂಕ್ ಪುಸ್ತಕ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಓದಿ ಹೇಳುವುದು ಅಸಾಧ್ಯವಾಗಬಾರದು. ಕಾಲೇಜಿಗೆ ಹೋಗುವ ಹುಡುಗಿಯರು, ಹುಡುಗರು ಮೂರು ಲಿಪಿಗಳನ್ನೂ ಬಲ್ಲವರಿದ್ದಾರೆ. ಸಹಕಾರಿ ಸಂಘಗಳೂ ಯುವಕ ಮಂಡಲಗಳೂ ಅವರನ್ನು ಈ ಕೆಲಸಕ್ಕೆ ಕರೆಯಲಿ. ಊರಿನ ಸಹಕಾರಿ ಬ್ಯಾಂಕಿನಲ್ಲಿ ಮಾತ್ರ ಖಾತೆಯುಳ್ಳವರು ಆಧಾರ್‌ಗೆ ಜೋಡಿಸಿದ ಖಾತೆ ತಮಗಿದೆಯೇ ಎಂದು ಕೇಳಿಕೊಳ್ಳಲಿ. ಜೋಡಣೆಯಿಲ್ಲದ ಖಾತೆಗೆ ಹಣ ಬಾರದು, ಅಂಥವರು ಅಂಚೆ ಕಚೇರಿಯ ಪೇಮೆಂಟ್ಸ್ ಬ್ಯಾಂಕಿನಲ್ಲಿ ಖಾತೆ ತೆರೆಯಬಹುದು. ಅಡಿಕೆ ಸುಲಿದು ಬೆರಳಿನ ಗೆರೆ ಸವೆದ ಅಜ್ಜಿಯಂದಿರ ಬೆರಳಚ್ಚನ್ನು ಯಂತ್ರ ಒಪ್ಪದಿದ್ದರೆ ನಿರಾಶರಾಗಬೇಕಿಲ್ಲ. ಮುಖವನ್ನು ತೋರಿಸಿ ಗುರುತು ದೃಢಪಡಿಸುವ ಕ್ರಮ 2023ರಿಂದ ಇದೆ; ಮೊಮ್ಮಕ್ಕಳ ಫೋನಿನಲ್ಲಿಯೇ ಅದು ಆಗುತ್ತದೆ.

ಜಿಲ್ಲೆಯ ಆಡಳಿತದಿಂದ ನಾವು ಕೇಳುವುದು ಅತಿಯಾದದ್ದೇನಲ್ಲ. ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕೃಷಿಭವನಗಳಲ್ಲಿ ಎಲ್ಲ ಸಹಾಯಧನದ ಅರ್ಜಿಗಳೂ ಕನ್ನಡದಲ್ಲಿ ದೊರೆಯಬೇಕು. ಅರ್ಹರ, ಅನರ್ಹರ ವಿವರವನ್ನು ಹೊರಗಿನ ಗೋಡೆಯ ಮೇಲೆ ಕನ್ನಡದಲ್ಲಿಯೂ ಬರೆಸಬೇಕು. ಕನ್ನಡದ ದಸ್ತಾವೇಜನ್ನು ಓದಬಲ್ಲ ಒಬ್ಬರಾದರೂ ಪ್ರತಿ ವಿಲ್ಲೇಜ್ ಕಚೇರಿಯಲ್ಲಿ ಇರಬೇಕು. ಅರ್ಜಿ ತಿರಸ್ಕೃತವಾದರೆ ಅದರ ಕಾರಣ ಕನ್ನಡದಲ್ಲಿಯೇ ಲಿಖಿತವಾಗಿ ಬರಬೇಕು.

ಇವೆಲ್ಲಕ್ಕೂ ಈಗ ಒಂದು ಅವಸರವಿದೆ. ಕೇರಳದ ಡಿಜಿಟಲ್ ಮರುಸರ್ವೆ 2022ರ ನವೆಂಬರಿನಲ್ಲಿ ಆರಂಭವಾಗಿ ಗ್ರಾಮ ಗ್ರಾಮವಾಗಿ ಸಾಗಿದೆ. ಕಂದಾಯ, ನೋಂದಣಿ, ಸರ್ವೆ ಮೂರನ್ನೂ ಒಂದೇ ಕಡೆ ಸೇರಿಸುವ ‘ಎಂಟೆ ಭೂಮಿ’ ವ್ಯವಸ್ಥೆ 2024ರ ಅಕ್ಟೋಬರಿನಲ್ಲಿ ಮೊದಲಾದದ್ದು ಬೇರೆಲ್ಲಿಯೂ ಅಲ್ಲ, ನಮ್ಮ ಮಂಜೇಶ್ವರ ತಾಲೂಕಿನ ಉಜಾರು ಉಳುವಾರು ಗ್ರಾಮದಲ್ಲಿ. ಮುಂದೆ ಯಾವ ಸಹಾಯಧನ ಬಂದರೂ ಆ ದಾಖಲೆಯಲ್ಲಿರುವ ಹೆಸರನ್ನೇ ಹುಡುಕಿಕೊಂಡು ಬರುವ ಸಂಭವ ಹೆಚ್ಚು. ಸರ್ವೆ ಮುಗಿದ ಗ್ರಾಮಗಳಲ್ಲಿ ಕರಡು ದಾಖಲೆಯನ್ನು ಜನರ ಪರಿಶೀಲನೆಗೆ ಇಡುತ್ತಾರೆ, ಆಕ್ಷೇಪಕ್ಕೆ ಕಾಲಾವಕಾಶ ಕೊಡುತ್ತಾರೆ. ಅಜ್ಜನ ಹೆಸರನ್ನು ಮೊಮ್ಮಗನ ಹೆಸರಾಗಿಸಲು, ‘ನಾರಾಯಣನ್’ ಅನ್ನು ನಾರಾಯಣನೆಂದು ತಿದ್ದಿಸಲು ಅದಕ್ಕಿಂತ ಸುಲಭದ ಸಮಯ ಮತ್ತೆ ಬಾರದು. ನಿಮ್ಮ ಗ್ರಾಮದ ಕರಡು ಪ್ರಕಟವಾಗಿದೆಯೇ ಎಂದು ಈ ವಾರವೇ ವಿಲ್ಲೇಜ್ ಕಚೇರಿಯಲ್ಲಿ ವಿಚಾರಿಸಿ. ಹೋಗುವಾಗ ಪೆಟ್ಟಿಗೆಯ ಅಡಿಯ ಕನ್ನಡದ ಕಾಗದವನ್ನೂ ತೆಗೆದುಕೊಂಡು ಹೋಗಿ. ಆಕ್ಷೇಪಣೆಯನ್ನು ಕನ್ನಡದಲ್ಲಿಯೇ ಬರೆದು, ಸ್ವೀಕರಿಸಿದ್ದಕ್ಕೆ ರಶೀದಿ ಕೇಳಿ ಪಡೆಯಿರಿ.